ಚರ್ಚಿನ ಉತ್ತರ ಗೋಡೆಯಾಚೆ ಏನಿದೆ, ಹೇಳಿ ನೋಡೋಣ!

ಒಂದು ಊರಿನ ಗುರುತು ಹೇಳುತ್ತೇನೆ. ಯಾವುದೆಂದು ಊಹಿಸಿ!

ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಬೀದಿಯಲ್ಲಿ ಕೋಳಿ, ಹುಂಜಗಳು ಯಾರ ಹಂಗೂ ಇಲ್ಲದೆ ಅಡ್ಡಾಡುತ್ತವೆ. ಆಲ್‌ಫ್ರೆಡ್ ಹಿಚ್‌ಕಾಕ್ ತನ್ನ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲೊಂದಕ್ಕಾಗಿ ಇಲ್ಲಿ ಕ್ಯಾಮೆರಾ ಇಟ್ಟಿದ್ದ. ಊರಿನ ಅಂಚಿನಲ್ಲಿ ಭೂಮಿಯೇ ಸೀಳಿದೆ. ಆ ಸೀಳಿನ ದಂಡೆಯಲ್ಲೇ 200 ವರ್ಷ ದಾಟಿದ ಚರ್ಚು ನಿಂತಿದೆ!

ಸೋತಿರಾ? ಸ್ಯಾನ್ ಹುವಾನ್ ಬೌಟಿಸ್ಟಾ! ಕ್ಯಾಲಿಫೋರ್ನಿಯಾದ ಮಿಷನ್ ಊರು.

ವಾರಾಂತ್ಯಕ್ಕೆಂದು ನಾನೂ ನಮ್ಮವರೂ ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಹೊರಟೆವು. 101 ಹೆದ್ದಾರಿ, ದಕ್ಷಿಣಕ್ಕೆ. ಗಿಲ್‌ರಾಯ್ ಬಂತೆಂದು ತಿಳಿಯಲು ಬೋರ್ಡು ಓದಬೇಕಿಲ್ಲ. ಗಾಜು ಇಳಿಸಿ ಸಾಕು, ಬೆಳ್ಳುಳ್ಳಿ ಘಮ ಒಳಗೆ ನುಗ್ಗುತ್ತದೆ! ಮುಂದೆ 156ಕ್ಕೆ ತಿರುಗಿದರೆ ಊರು ಬಂದೇಬಿಟ್ಟಿತು. ಟ್ರಾಫಿಕ್ ಇಲ್ಲದಿದ್ದರೆ ಒಂದು ಗಂಟೆಯೂ ಹಿಡಿಯದು.

ಸ್ಪೇನಿನ ಪಾದ್ರಿಗಳು ಕ್ಯಾಲಿಫೋರ್ನಿಯಾದುದ್ದಕ್ಕೂ ಧರ್ಮಪ್ರಚಾರದ ನೆಲೆಗಳಾದ 21 ಮಿಷನ್‌ಗಳನ್ನು ಕಟ್ಟಿದರು. ಈ ಊರಿನದು 15ನೆಯದು, 1797ರ ಜೂನ್ 24ರಂದು ಶುರುವಾದದ್ದು. ಇಸವಿಗಳು ಸದ್ಯಕ್ಕೆ ಇಷ್ಟು ಸಾಕು. ಬನ್ನಿ ಚರ್ಚಿನ ಒಳಗೆ!

ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನೀವು ತಲೆ ತಗ್ಗಿಸಿ. ನೆಲಕ್ಕೆ ಹಾಸಿದ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ನೋಡಿ.

“ರೀ, ಇಲ್ಲಿ ಬನ್ನಿ! ಇದು ಪಂಜ ಅಲ್ವಾ?”

ಪಂಜವೇ! ಹಸಿ ಬಿಲ್ಲೆಗಳನ್ನು ಬಯಲಲ್ಲಿ ಒಣಗಲು ಹರಡಿದ್ದಾಗ ಕಾಡುಪ್ರಾಣಿಗಳು ಅವುಗಳ ಮೇಲೆ ಓಡಾಡಿವೆ. ಯಾರೂ ಅಳಿಸಲಿಲ್ಲ. ಹಾಗೆಯೇ ಸುಟ್ಟರು, ಹಾಗೆಯೇ ಹಾಸಿದರು. ಎಂದೋ ಸತ್ತ ಪ್ರಾಣಿಯ ನಡಿಗೆ ಇಂದಿಗೂ ಚರ್ಚಿನೊಳಗಿದೆ. ನಮ್ಮವರು ಮಂಡಿಯೂರಿ ಕೂತವರು ಏಳಲೇ ಇಲ್ಲ!

ಇನ್ನೊಂದು ಒಗಟು. ಒಂದು ಬಾಗಿಲಿನ ಬುಡದಲ್ಲಿ ಪುಟ್ಟ ಕಂಡಿ ಕೊರೆದಿದ್ದಾರೆ. ಯಾಕಿರಬಹುದು? ಗಾಳಿಗೆ? ನೀರಿಗೆ? ಅಲ್ಲವೇ ಅಲ್ಲ. ಬೆಕ್ಕಿಗೆ! ಇಲಿ ಹಿಡಿಯುವ ಬೆಕ್ಕು ಹೊತ್ತುಗೊತ್ತಿಲ್ಲದೆ ಬಂದುಹೋಗಲೆಂದು ಮಾಡಿಕೊಟ್ಟ ಸ್ವಂತ ಬಾಗಿಲು!

ಈಗ ತಲೆಯೆತ್ತಿ. ಎದುರಿಗೆ ಬಲಿಪೀಠದ ಹಿಂದಿನ ಬಣ್ಣದ ಗೋಡೆ. ಇದಕ್ಕೆ ಬಣ್ಣ ಬಳಿದವರು ಯಾರು? ಸ್ಪೇನಿನ ಕಲಾವಿದರೇ? ಊಹೂಂ. ಥಾಮಸ್ ಡೋಕ್, ಬಾಸ್ಟನ್‌ ಕಡೆಯ ನಾವಿಕ! ಹಡಗು ಬಿಟ್ಟು ದಡ ಸೇರಿದವನು 1818ರಲ್ಲಿ ಕುಂಚ ಹಿಡಿದ. ಕೂಲಿ? ಎರಡು ಹೊತ್ತಿನ ಊಟ, ಮಲಗಲು ಜಾಗ. ಅಮೆರಿಕದಿಂದ ಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆನಿಂತ ಮೊದಲಿಗ ಎಂದು ಇವನನ್ನೇ ಹೆಸರಿಸುತ್ತಾರೆ.

ಆ ಬಲಿಪೀಠಕ್ಕೆ ವರ್ಷಕ್ಕೊಮ್ಮೆ ಒಬ್ಬ ಅತಿಥಿ ಬರುತ್ತಾನೆ. ಯಾರು ಗೊತ್ತೇ? ಸೂರ್ಯ! ಡಿಸೆಂಬರ್ 21ರ ಆಸುಪಾಸು, ವರ್ಷದ ಅತಿ ಚಿಕ್ಕ ಹಗಲಿನ ಮುಂಜಾನೆ, ಬೆಳಕಿನ ಕೋಲೊಂದು ಮುಂಭಾಗದಿಂದ ಒಳಹೊಕ್ಕು ಇಡೀ ಚರ್ಚನ್ನು ದಾಟಿ ನೇರ ಬಲಿಪೀಠ ಮುಟ್ಟುತ್ತದೆ. ಪುರಾತತ್ತ್ವಜ್ಞ ರೂಬೆನ್ ಮೆಂಡೋಸಾ ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿ ಜಗತ್ತಿಗೆ ತೋರಿಸಿಕೊಟ್ಟರು. ಆ ಬೆಳಗ್ಗೆ ಚಳಿಯಲ್ಲಿ ಜನ ಇಲ್ಲಿ ಕಿಕ್ಕಿರಿಯುತ್ತಾರೆ.

ಹಿಚ್‌ಕಾಕ್ ವಿಷಯಕ್ಕೆ ಬರೋಣ. ಚಿತ್ರ ‘ವರ್ಟಿಗೋ’, 1958. ಕಿಮ್ ನೊವಾಕ್ ಓಡುತ್ತಾಳೆ, ಜೇಮ್ಸ್ ಸ್ಟೀವರ್ಟ್ ತಲೆಸುತ್ತುತ್ತಾ ಗಂಟೆಗೋಪುರದ ಮೆಟ್ಟಿಲು ಹತ್ತುತ್ತಾನೆ. ಆ ಗೋಪುರ ಎಲ್ಲಿ? ಹೊರಗೆ ಬಂದು ಸುತ್ತ ಹುಡುಕಿ.

ಇಲ್ಲ! ಅಲ್ಲಿ ಗೋಪುರವೇ ಇಲ್ಲ! ಮೊದಲಿದ್ದ ಗೋಪುರವನ್ನು ಚಿತ್ರೀಕರಣಕ್ಕೂ ಮೊದಲೇ ಕೆಡವಿದ್ದರು. ತೆರೆಯ ಮೇಲೆ ಕಾಣುವುದು ಮಾದರಿ ಕಟ್ಟಿ, ಚಿತ್ರ ಬರೆದು, ಸ್ಟುಡಿಯೋದ ಕೈಚಳಕದಿಂದ ಅಂಟಿಸಿದ ಗೋಪುರ. ಜಗತ್ತಿನ ಸಿನಿಮಾಪ್ರಿಯರೆಲ್ಲ ನೋಡಿದ ಗೋಪುರ ಈ ನೆಲದ ಮೇಲೆ ಎಂದೂ ನಿಂತಿರಲಿಲ್ಲ!

ಚರ್ಚಿನ ಮುಂದಿನ ಚೌಕದ ಆಚೆಬದಿಯ ಮಣ್ಣಿಟ್ಟಿಗೆಯ ಮನೆಯೂ ಸುಮ್ಮನಿಲ್ಲ. 1846-47ರ ಚಳಿಗಾಲ ಸಿಯೆರಾ ಪರ್ವತದ ಹಿಮದಲ್ಲಿ ಸಿಕ್ಕಿಬಿದ್ದ ಡಾನರ್ ತಂಡದಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಅದೇ ತಂಡದ ಬ್ರೀನ್ ಕುಟುಂಬ, ತಂದೆ ತಾಯಿ ಏಳು ಮಕ್ಕಳು, ಒಂಬತ್ತಕ್ಕೆ ಒಂಬತ್ತೂ ಬದುಕಿ ಬಂದು ನೆಲೆಯಾದದ್ದು ಈ ಮನೆಯಲ್ಲಿ. ಮಗ ಗಣಿಯಿಂದ ತಂದ ಚಿನ್ನವೇ ಮನೆಯ ಬೆಲೆಯಾಯಿತು!

ಇನ್ನು ಉತ್ತರ ಗೋಡೆಯಾಚೆಗೆ ಬನ್ನಿ. ಬಹುಪಾಲು ಜನ ಚೌಕದಲ್ಲಿ ಫೋಟೋ ತೆಗೆದು ಊಟಕ್ಕೆ ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಲೇಬೇಡಿ!

ಆಲಿವ್ ಮರಗಳಿರುವ ಸ್ಮಶಾನ ದಾಟಿದರೆ ನೆಲ ಥಟ್ಟನೆ ಇಳಿಯುತ್ತದೆ. ಅಂಥ ದೊಡ್ಡ ಇಳಿಜಾರೇನಲ್ಲ. ಅದರ ಬುಡದಲ್ಲಿ ಮಿಷನ್‌ಗಳನ್ನು ಒಂದಕ್ಕೊಂದು ಜೋಡಿಸಿದ್ದ ಹಳೆಯ ಮಣ್ಣಿನ ದಾರಿ, ಎಲ್ ಕಮಿನೊ ರಿಯಲ್‌. ಆಚೆಗೆ ತರಕಾರಿ ಹೊಲ. ಏನು ಮಹಾ ಎನ್ನುತ್ತೀರಾ?

ಅದೇ ಸ್ಯಾನ್ ಆಂಡ್ರಿಯಾಸ್ ಬಿರುಕು!

ಚರ್ಚಿನ ಕಡೆ ಪೆಸಿಫಿಕ್ ಭೂಫಲಕ, ಹೊಲದ ಕಡೆ ಉತ್ತರ ಅಮೆರಿಕದ ಭೂಫಲಕ. ನಮ್ಮವರು ಇಳಿದು ಹೊಲದ ಬದಿ ನಿಂತರು, ನಾನು ಮೇಲೆಯೇ ನಿಂತೆ. ಮಾತಾಡಿದರೆ ಕೇಳುವಷ್ಟು ಹತ್ತಿರ, ಆದರೂ ನಾವಿಬ್ಬರು ಬೇರೆ ಬೇರೆ ಫಲಕಗಳ ಮೇಲೆ! ಆ ಎರಡೂ ನಿಮ್ಮ ಉಗುರು ಬೆಳೆಯುವಷ್ಟು ವೇಗದಲ್ಲಿ ಒಂದನ್ನೊಂದು ಹಾದು ಸರಿಯುತ್ತಲೇ ಇವೆ. ಈಗಲೂ!

1906ರ ಏಪ್ರಿಲ್ 18ರಂದು ಸ್ಯಾನ್‌ ಫ್ರಾನ್ಸಿಸ್ಕೋವನ್ನು ನೆಲಕ್ಕೆ ಕೆಡವಿದ ಭೂಕಂಪದಲ್ಲಿ ಈ ಬಿರುಕು ಎಷ್ಟು ಉದ್ದ ಹರಿಯಿತು ಹೇಳಿ? 10 ಕಿ.ಮೀ.? 100? 477 ಕಿ.ಮೀ.! ಉತ್ತರದಲ್ಲಿ ಕೇಪ್ ಮೆಂಡೊಸಿನೊ. ದಕ್ಷಿಣದ ತುದಿ? ಇದೇ ಊರು! ಚರ್ಚಿನ ಪಕ್ಕದ ಗೋಡೆಗಳು ಉರುಳಿದವು. ಅವುಗಳ ಪೂರ್ತಿ ಜೀರ್ಣೋದ್ಧಾರ ಆದದ್ದು 1976ರಲ್ಲಿ. ಇಲ್ಲಿಂದ ದಕ್ಷಿಣಕ್ಕೆ ಬಿರುಕಿನ ಸ್ವಭಾವವೇ ಬೇರೆ, ಅಲ್ಲಿ ಅದು ಸದ್ದಿಲ್ಲದೆ ತೆವಳುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿರುಕಲ್ಲ. ಅದಕ್ಕೂ ಗೋಡೆಗೂ ನಡುವಿನ ಸ್ಮಶಾನ.

ಈ ಚಿಕ್ಕ ಜಾಗದಲ್ಲಿ ಎಷ್ಟು ಜನ ಮಲಗಿದ್ದಾರೆ, ಊಹಿಸಿ. 4,000ಕ್ಕೂ ಹೆಚ್ಚು! ಹೆಚ್ಚಿನವರು ಈ ನೆಲದ ಮೂಲನಿವಾಸಿಗಳು. ಇಲ್ಲಿನ ಮುತ್ಸುನ್ ಜನ, ಸುತ್ತಲಿನ ಬೇರೆ ಪಂಗಡದವರು. ಚರ್ಚಿನ ಗೋಡೆ ಎದ್ದದ್ದು ಅವರ ಕೈಯಿಂದಲೇ. ಹೊರಗಿನವರು ತಂದ ರೋಗಗಳು, ಮಿಷನ್ನಿನ ದುಡಿತ ಮತ್ತು ಕಟ್ಟುಪಾಡುಗಳು ಅವರನ್ನು ಮುಗಿಸಿದವು. ಬಹುಪಾಲು ಗೋರಿಗಳ ಮೇಲೆ ಹೆಸರೂ ಇಲ್ಲ.

ಅವರ ಭಾಷೆ? ಅದೂ ಮುಗಿಯಿತೇ? ತಡೆಯಿರಿ!

ಇಲ್ಲಿ ಫೆಲಿಪೆ ಅರೋಯೊ ದೆ ಲ ಕ್ವೆಸ್ತಾ ಎಂಬ ಪಾದ್ರಿ ಇದ್ದರು. 1815ರಲ್ಲಿ ಕೂತು 2,800ಕ್ಕೂ ಹೆಚ್ಚು ಮುತ್ಸುನ್ ನುಡಿಗಳನ್ನು, ವಾಕ್ಯಗಳನ್ನು ಬರೆದಿಟ್ಟರು. ನಮ್ಮ ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ನೆನಪಿರಲಿ! ಆದರೆ ಕಿಟೆಲ್ಲರಿಗೆ ಕೇಳಿಸಿದ್ದು ನಾಡು ತುಂಬ ಆಡುತ್ತಿದ್ದ ಕನ್ನಡ. ಮುತ್ಸುನ್‌ಗೆ ಆ ಭಾಗ್ಯವಿರಲಿಲ್ಲ. ನೂರು ವರ್ಷ ಕಳೆಯುವಷ್ಟರಲ್ಲಿ ಅದನ್ನು ಸರಾಗವಾಗಿ ಬಲ್ಲವರಲ್ಲಿ ಉಳಿದದ್ದು ಒಬ್ಬರೇ!

ಅಸೆನ್ಸಿಯೋನ್ ಸೊಲೊರ್ಸಾನೊ. ಗಿಲ್‌ರಾಯ್‌ನ ನಾಟಿ ವೈದ್ಯೆ. ಹೌದು, ಅದೇ ಬೆಳ್ಳುಳ್ಳಿಯ ಗಿಲ್‌ರಾಯ್! 1929ರಲ್ಲಿ ಭಾಷಾತಜ್ಞ ಜೆ. ಪಿ. ಹ್ಯಾರಿಂಗ್ಟನ್ ಬಂದಾಗ ಆಕೆ ಕ್ಯಾನ್ಸರ್ ಹತ್ತಿ ಹಾಸಿಗೆ ಹಿಡಿದಿದ್ದರು. ಆದರೂ ಹೇಳುತ್ತಲೇ ಹೋದರು. ಪದಗಳು, ಗಿಡಮೂಲಿಕೆ, ಮದ್ದು, ಕಥೆ, ಊರುಗಳ ಹೆಸರು. ಹ್ಯಾರಿಂಗ್ಟನ್ ಬರೆಯುತ್ತಲೇ ಹೋದರು. 1930ರ ಜನವರಿಯಲ್ಲಿ ಆಕೆ ತೀರಿಕೊಂಡರು. ಅವರ ಗೋರಿಯೂ ಇದೇ ಸ್ಮಶಾನದಲ್ಲಿದೆ!

ಆ ಕಾಗದಗಳು ಏನಾದವು? ದಶಕಗಳ ಮೇಲೆ ಮುತ್ಸುನ್ ವಂಶದವರೇ ಅವನ್ನು ಬಿಚ್ಚಿ ಕುಳಿತರು. ಆ ಸಮುದಾಯದ ಕ್ವಿರಿನಾ ಗಿಯರಿ ಮತ್ತು ಭಾಷಾತಜ್ಞೆಯರಾದ ನತಾಶಾ ವಾರ್ನರ್, ಲಿನಿಕಾ ಬಟ್ಲರ್ ಸೇರಿ, ಪಾದ್ರಿಯ ವಾಕ್ಯಗಳನ್ನೂ ಸೊಲೊರ್ಸಾನೊ ಅವರ ಮಾತುಗಳನ್ನೂ ಒಟ್ಟಿಗಿಟ್ಟು ನಿಘಂಟು ಕಟ್ಟಿದರು. ಅದು 2016ರಲ್ಲಿ ಪ್ರಕಟವಾಯಿತು. ಸತ್ತಿತೆಂದು ಎಲ್ಲರೂ ಕೈಬಿಟ್ಟ ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ! ನನ್ನ ಮಟ್ಟಿಗೆ ಈ ಊರಿನ ಎಲ್ಲ ಬೆರಗಿಗಿಂತ ಇದೇ ದೊಡ್ಡದು. ಸೂರ್ಯನ ಬೆಳಕಿಗಿಂತ, 477 ಕಿ.ಮೀ. ಬಿರುಕಿಗಿಂತ.

ಬೇ ಏರಿಯಾದ ಕನ್ನಡಿಗರೇ, ಮಗನ ಮನೆಗೆಂದು ಆರು ತಿಂಗಳು ಬಂದಿರುವ ಅಪ್ಪ ಅಮ್ಮಂದಿರೇ, ಮುಂದಿನ ಸಲ ಮಾಂಟೆರೆಯ ಸಮುದ್ರಕ್ಕೆಂದು 101ರಲ್ಲಿ ಹೊರಟಾಗ ಒಂದರ್ಧ ದಿನ ಇತ್ತ ತಿರುಗಿ. ಬೆಕ್ಕಿನ ಕಂಡಿ ನೋಡಿ, ಪಂಜದ ಗುರುತು ಹುಡುಕಿ. ಆಮೇಲೆ ತಪ್ಪದೆ ಸ್ಮಶಾನಕ್ಕೆ ಬಂದು ಸೊಲೊರ್ಸಾನೊ ಅವರ ಗೋರಿಯನ್ನು ಮಕ್ಕಳಿಗೆ ತೋರಿಸಿ, ಆಕೆ ಯಾರೆಂದು ಕನ್ನಡದಲ್ಲಿ ಹೇಳಿ.