ಹೊಸ ಕಂಪ್ಯೂಟರಿಗೆ ಹಳೇ ರೂಢಿ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ಸಂಜೆ ಒಂದು ಇಮೇಲ್ ಬರೆಯಲು ಕೂತೆ. ಇಂಗ್ಲಿಷ್ ಅಕ್ಷರಗಳಲ್ಲಿ ಶಿರಾಳಕೊಪ್ಪ ಎಂದು ಹೊಡೆದೆ, ಕೆಳಗೆ ಕೆಂಪು ಅಂಕುಡೊಂಕು ಗೆರೆ ಮೂಡಿತು. ಚಿಕ್ಕಮ್ಮನ ಹೆಸರಿಗೂ ಮೂಡಿತು, ಹಲಸಿನ ಹಪ್ಪಳಕ್ಕೂ ಮೂಡಿತು. ಹಳೆಯ ಯಂತ್ರದಲ್ಲಿ ಈ ಗೆರೆ ಕಂಡು ವರ್ಷಗಳಾಗಿದ್ದವು. ಒಂದೊಂದು ಪದದ ಮೇಲೂ ಮೌಸಿನ ಬಲಗುಂಡಿ ಒತ್ತಿ, ನಿಘಂಟಿಗೆ ಸೇರಿಸು ಎಂದು ಹೇಳಿ ಹೇಳಿ, ಅಲ್ಲಿನ ಫೈರ್‌ಫಾಕ್ಸ್ ಬ್ರೌಸರ್‌ಗೆ ನಮ್ಮೂರು, ನಮ್ಮ ನೆಂಟರಿಷ್ಟರು, ನಮ್ಮ ಅಡುಗೆಮನೆ ಎಲ್ಲ ಪರಿಚಯವಾಗಿತ್ತು. ಹೊಸದಕ್ಕೆ ನಾನು ಯಾರೋ.

ಹಾಗಂತ ಏನೂ ಬಂದಿರಲಿಲ್ಲ ಎಂದಲ್ಲ. ಖಾತೆಗೆ ಲಾಗಿನ್ ಆದ ಕೂಡಲೇ ಬುಕ್‌ಮಾರ್ಕ್‌ಗಳು ಬಂದಿದ್ದವು, ಪಾಸ್‌ವರ್ಡ್‌ಗಳು ಬಂದಿದ್ದವು, ಆಡ್‌ಆನ್‌ಗಳು ಒಂದರ ಹಿಂದೊಂದು ತಾವೇ ಬಂದು ಕೂತಿದ್ದವು. ಬಾರದೆ ಉಳಿದದ್ದು ಪದಗಳು ಮಾತ್ರ. ಹಿಂಜು ಮುರಿದ ಹಳೆಯ ಲ್ಯಾಪ್‌ಟಾಪನ್ನು ಗೋಡೆಗೆ ಒರಗಿಸಿ ಆನ್ ಮಾಡಿ ಹುಡುಕಿದಾಗ ಪರ್ಸ್‌ಡಿಕ್ಟ್ ಡಾಟ್ ಡ್ಯಾಟ್ ಎಂಬ ಫೈಲು ಸಿಕ್ಕಿತು. ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಸಾಲಿಗೊಂದು ಪದ, ಅಷ್ಟೇ. ಗೂಢಲಿಪಿ ಇಲ್ಲ, ಬೀಗ ಇಲ್ಲ. ಪೆನ್‌ಡ್ರೈವ್‌ನಲ್ಲಿ ತಂದು, ಬ್ರೌಸರ್ ಮುಚ್ಚಿ, ಹೊಸ ಜಾಗದಲ್ಲಿ ಇಟ್ಟು ತೆರೆದರೆ ಶಿರಾಳಕೊಪ್ಪದ ಕೆಳಗಿನ ಗೆರೆ ಮಾಯ.

ನಾವು ಮಾಡಿಕೊಂಡ ಹೊಂದಿಕೆಗಳು ಪ್ರೋಗ್ರಾಮಿನಿಂದ ಬೇರೆಯಾಗಿ ಒಂದು ಕಡೆ ಕೂತಿರುತ್ತವೆ, ಅವನ್ನು ಗಂಟು ಕಟ್ಟಿ ಒಯ್ಯಬಹುದು ಎಂಬುದು ಇವತ್ತು ಸಹಜವಾಗಿ ಕಾಣುತ್ತದೆ. ಆದರೆ ಆ ಸಹಜತೆಗೆ ಅರವತ್ತು ವರ್ಷದ ಕತೆಯಿದೆ. ಅದರ ಒಂದು ಮುಖ್ಯ ತಿರುವು ಶುದ್ಧ ಆಕಸ್ಮಿಕ.

ಚುಕ್ಕೆಯ ಮರೆ

1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಇತ್ತು. ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡು ಅದು. ದಿನವೂ ಅದೇ ಆಜ್ಞೆಗಳನ್ನು ಹೊಡೆಯುವ ಬದಲು ಅವನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಒಮ್ಮೆಗೇ ನಡೆಸುವ ಸೌಲಭ್ಯವನ್ನು ಲೂಯಿ ಪೂಜಾಂ ಎಂಬ ಫ್ರೆಂಚ್ ತಜ್ಞ ಅಲ್ಲಿ ಮಾಡಿದರು. ಅದರ ಹೆಸರು ರನ್‌ಕಾಮ್. ಇವತ್ತಿಗೂ ಅನೇಕ ಸೆಟ್ಟಿಂಗ್ ಫೈಲುಗಳ ಹೆಸರಿನ ಕೊನೆಯಲ್ಲಿ ಉಳಿದಿರುವ 'ಆರ್‌ಸಿ' ಎಂಬ ಎರಡಕ್ಷರ ಆ ರನ್‌ಕಾಮ್‌ನ ಪಳೆಯುಳಿಕೆ.

ಆಕಸ್ಮಿಕ ನಡೆದದ್ದು ಬೆಲ್ ಲ್ಯಾಬ್ಸ್‌ನಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ಕಟ್ಟುತ್ತಿದ್ದ ಹೊತ್ತಿಗೆ. ಪ್ರತಿ ಫೋಲ್ಡರಿನಲ್ಲೂ ಎರಡು ವಿಶೇಷ ನಮೂದುಗಳಿರುತ್ತಿದ್ದವು: ಒಂದು ಚುಕ್ಕೆ ಎಂದರೆ ಇದೇ ಫೋಲ್ಡರು, ಎರಡು ಚುಕ್ಕೆ ಎಂದರೆ ಇದರ ಮೇಲಿನದು. ಫೈಲುಗಳ ಪಟ್ಟಿ ಕೇಳಿದಾಗಲೆಲ್ಲ ಇವೂ ಕಾಣಿಸಿಕೊಂಡು ಕಿರಿಕಿರಿಯಾಗುತ್ತಿತ್ತು. ಅವನ್ನು ಮರೆಮಾಡಲು ಸಣ್ಣದೊಂದು ಷರತ್ತು ಸೇರಿಸಿದರು: ಹೆಸರಿನ ಮೊದಲ ಅಕ್ಷರ ಚುಕ್ಕೆಯಾಗಿದ್ದರೆ ತೋರಿಸಬೇಡ. ಆ ಎರಡು ಹೆಸರುಗಳನ್ನೇ ನಿಖರವಾಗಿ ಹೋಲಿಸುವ ಬದಲು ಹಿಡಿದ ಅಡ್ಡದಾರಿ ಇದು. ಪರಿಣಾಮವಾಗಿ ಚುಕ್ಕೆಯಿಂದ ಶುರುವಾಗುವ ಯಾವ ಫೈಲೂ ಕಾಣದಂತಾಯಿತು. ಬೆಲ್ ಲ್ಯಾಬ್ಸ್‌ನಲ್ಲೇ ಕೆಲಸ ಮಾಡಿದ ರಾಬ್ ಪೈಕ್ ಈ ಪ್ರಸಂಗವನ್ನು ಬರೆದಿದ್ದಾರೆ, ಅದೊಂದು ಕೆಟ್ಟ ಪರಂಪರೆಗೆ ದಾರಿಯಾಯಿತು ಎಂದು ಬೇಸರವನ್ನೂ ಪಟ್ಟಿದ್ದಾರೆ.

ಪ್ರೋಗ್ರಾಮರ್‌ಗಳಿಗೆ ಮಾತ್ರ ಇದು ಅನುಕೂಲಕ್ಕೆ ಬಂತು. ಬಳಕೆದಾರನ ಸೆಟ್ಟಿಂಗ್‌ಗಳನ್ನು ಎಲ್ಲಿಡುವುದು? ಅವನ ಸ್ವಂತ ಫೋಲ್ಡರಿನಲ್ಲೇ, ಚುಕ್ಕೆಯ ಮರೆಯಲ್ಲಿ. ಪ್ರೋಗ್ರಾಮು ಯಂತ್ರಕ್ಕೆ ಸೇರಿದ್ದು, ಹೊಂದಿಕೆ ಮನುಷ್ಯನಿಗೆ ಸೇರಿದ್ದು ಎಂಬ ವಿಭಾಗ ಹೀಗೆ ಯಾರೂ ಘೋಷಿಸದೆಯೇ ಆಗಿಹೋಯಿತು. ಹೊಸ ಯಂತ್ರಕ್ಕೆ ಹೋಗುವವರು ಆ ನಾಲ್ಕಾರು ಫೈಲುಗಳನ್ನು ಒಯ್ದರೆ ಸಾಕಿತ್ತು. ಇವತ್ತು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೆ ಹೊಸದಾಗಿ ಸೇರಿದ ಎಂಜಿನಿಯರು ಮೊದಲ ದಿನವೇ ಗಿಟ್‌ಹಬ್‌ನಿಂದ ತನ್ನ 'ಡಾಟ್‌ಫೈಲ್ಸ್' ಇಳಿಸಿಕೊಳ್ಳುವುದು ಇದೇ ರೂಢಿಯ ಮುಂದುವರಿಕೆ.

ವಿಂಡೋಸ್‌ನ ಹಗೇವು

ನಮ್ಮ ಮನೆಗಳಿಗೆ ಬಂದದ್ದು ಯೂನಿಕ್ಸ್ ಅಲ್ಲ, ವಿಂಡೋಸ್. ಮೊದಮೊದಲು ಅಲ್ಲೂ ಸೆಟ್ಟಿಂಗ್‌ಗಳು ಐಎನ್‌ಐ ಎಂಬ ಸರಳ ಪಠ್ಯದ ಫೈಲುಗಳಲ್ಲಿದ್ದವು. ಅವು ಎಲ್ಲೆಂದರಲ್ಲಿ ಹರಡಿಕೊಂಡವು, ಗಾತ್ರಕ್ಕೂ ಮಿತಿಯಿತ್ತು. 1992ರ ವಿಂಡೋಸ್ 3.1ರಲ್ಲಿ ಚಿಕ್ಕದಾಗಿ ಶುರುವಾದ ರಿಜಿಸ್ಟ್ರಿ, ವಿಂಡೋಸ್ 95ರ ಹೊತ್ತಿಗೆ ಎಲ್ಲವನ್ನೂ ತುಂಬಿಡುವ ಒಂದೇ ಹಗೇವಾಯಿತು. ಊರವರ ಕಾಳೆಲ್ಲ ಒಂದೇ ಹಗೇವಿನಲ್ಲಿ ಸುರಿದರೆ ಕಾವಲು ಸುಲಭ. ಆದರೆ ನನ್ನ ಪಾಲಿನ ಜೋಳವನ್ನಷ್ಟೇ ಎತ್ತಿಕೊಂಡು ಬೇರೆ ಊರಿಗೆ ಹೋಗುತ್ತೇನೆ ಎಂದರೆ ಆಗುವುದಿಲ್ಲ.

ಹಾಗಾಗಿ ಸಾಗಿಸುವುದಕ್ಕೇ ಬೇರೆ ಉಪಕರಣ ಬೇಕಾಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈಲು ಮತ್ತು ಸೆಟ್ಟಿಂಗ್ ವರ್ಗಾಯಿಸುವ ವಿಝಾರ್ಡ್ ಬಂತು. ವಿಸ್ಟಾ ಕಾಲಕ್ಕೆ ಅದು 'ಈಸಿ ಟ್ರಾನ್ಸ್‌ಫರ್' ಆಯಿತು, ಎರಡು ಕಂಪ್ಯೂಟರುಗಳನ್ನು ಜೋಡಿಸಲು ವಿಶೇಷ ಯುಎಸ್‌ಬಿ ಕೇಬಲ್ಲೂ ಮಾರಾಟಕ್ಕೆ ಬಂತು. ಅದು ಸೆಟ್ಟಿಂಗ್ ಒಯ್ಯುತ್ತಿತ್ತು, ಪ್ರೋಗ್ರಾಮನ್ನು ಒಯ್ಯುತ್ತಿರಲಿಲ್ಲ. 2015ರ ವಿಂಡೋಸ್ 10ರಲ್ಲಿ ಆ ಉಪಕರಣವೇ ಇರಲಿಲ್ಲ.

ಕನ್ನಡದ ಡಿಟಿಪಿ ಅಂಗಡಿಗಳವರಿಗೆ ಈ ಸಂಕಟ ಇನ್ನೊಂದು ರೂಪದಲ್ಲಿ ಗೊತ್ತು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಕಡತ ಒಯ್ದು ಫಾಂಟು ಮರೆತರೆ ಹೊಸ ಕಂಪ್ಯೂಟರಿನಲ್ಲಿ ಮದುವೆ ಕರೆಯೋಲೆ ಅರ್ಥವಿಲ್ಲದ ಇಂಗ್ಲಿಷ್ ಕಸವಾಗಿ ಕಾಣುತ್ತಿತ್ತು. ಅದಕ್ಕೇ ಕಡತದ ಸಂಗಡ ಫಾಂಟಿನ ಸಿಡಿಯೂ ಜೋಳಿಗೆಯಲ್ಲಿ ಇರಲೇಬೇಕಿತ್ತು.

ಬ್ರೌಸರ್ ಕಟ್ಟಿದ ಗಂಟು

ಹಗೇವಿನ ಕಾಲದಲ್ಲೂ ಒಂದು ವಂಶ ಯೂನಿಕ್ಸ್ ರೂಢಿಯನ್ನು ಬಿಡಲಿಲ್ಲ. ನೆಟ್‌ಸ್ಕೇಪ್ ಬ್ರೌಸರ್ ಬಳಕೆದಾರರಿಗೆ 'ಪ್ರೊಫೈಲ್' ಎಂಬ ಪ್ರತ್ಯೇಕ ಫೋಲ್ಡರು ಇಟ್ಟಿತ್ತು. 1998ರಲ್ಲಿ ಅದರ ಮೂಲಸಂಕೇತ ಮುಕ್ತವಾಗಿ ಮೊಝಿಲ್ಲಾ ಯೋಜನೆ ಹುಟ್ಟಿತು. 2002ರ ಸೆಪ್ಟೆಂಬರಿನಲ್ಲಿ ಆ ಯೋಜನೆಯಿಂದ ಫೀನಿಕ್ಸ್ ಎಂಬ ಹಗುರ ಬ್ರೌಸರ್ ಕವಲೊಡೆಯಿತು. ಹೆಸರಿನ ತಕರಾರುಗಳಿಂದ ಫೈರ್‌ಬರ್ಡ್ ಆಗಿ, ಕೊನೆಗೆ ಫೈರ್‌ಫಾಕ್ಸ್ ಆಗಿ 2004ರ ನವೆಂಬರ್ 9ರಂದು 1.0 ಆವೃತ್ತಿಯಾಗಿ ಹೊರಬಂತು. ಬೇಕಾದ ಗುಣವನ್ನು ಬೇಕಾದವರು ಜೋಡಿಸಿಕೊಳ್ಳಲಿ ಎಂಬ ಆಡ್‌ಆನ್‌ಗಳೇ ಅದರ ಆಕರ್ಷಣೆ.

ಆ ಪ್ರೊಫೈಲ್ ಫೋಲ್ಡರನ್ನು ಒಮ್ಮೆ ಬಿಚ್ಚಿ ನೋಡಬೇಕು. ಹೆಸರಿನ ಮೊದಲಿಗೆ ಅರ್ಥವಿಲ್ಲದ ಎಂಟು ಅಕ್ಷರ-ಅಂಕೆಗಳ ಜೋಡಣೆ. ಇದು ಬೇಕೆಂದೇ ಮಾಡಿದ್ದು, ಫೋಲ್ಡರಿನ ವಿಳಾಸವನ್ನು ಕೇಡಿಗರು ಊಹಿಸಬಾರದೆಂದು. ಒಳಗೆ ಪ್ಲೇಸಸ್ ಎಂಬ ಫೈಲಿನಲ್ಲಿ ಬುಕ್‌ಮಾರ್ಕ್ ಮತ್ತು ಓಡಾಟದ ಚರಿತ್ರೆ. ಎಕ್ಸ್‌ಟೆನ್ಶನ್ಸ್ ಎಂಬಲ್ಲಿ ಆಡ್‌ಆನ್‌ಗಳು, ಒಂದೊಂದೂ ಒಂದು ಜಿಪ್ ಕಟ್ಟು. ಪಾಸ್‌ವರ್ಡ್‌ಗಳು ಲಾಗಿನ್ಸ್ ಎಂಬ ಫೈಲಿನಲ್ಲಿ ಗೂಢಲಿಪಿಯಲ್ಲಿರುತ್ತವೆ, ಅದರ ಕೀಲಿ ಕೀ4 ಎಂಬ ಇನ್ನೊಂದು ಫೈಲಿನಲ್ಲಿ. ಪೆಟ್ಟಿಗೆ ಒಯ್ದು ಬೀಗದ ಕೈ ಬಿಟ್ಟು ಬಂದವರು ಎಷ್ಟೋ ಮಂದಿ.

ನನಗೆ ಬಲು ಹಿಡಿಸಿದ್ದು ಪ್ರೆಫ್ಸ್ ಎಂಬ ಪಠ್ಯದ ಫೈಲು. ಬ್ರೌಸರಿನ ಸಾವಿರಾರು ಆಯ್ಕೆಗಳನ್ನು ಅದು ಬರೆದಿಡುವುದಿಲ್ಲ. ಕಾರ್ಖಾನೆ ಕೊಟ್ಟ ಸ್ಥಿತಿಗಿಂತ ಎಲ್ಲೆಲ್ಲಿ ಬೇರೆಯಾಗಿದೆಯೋ ಅಷ್ಟನ್ನೇ ಬರೆಯುತ್ತದೆ. ಬ್ರೌಸರ್ ತಾನೇ ಬರೆದುಕೊಂಡ ಟಿಪ್ಪಣಿಗಳೂ ಅದರಲ್ಲಿ ಇರುತ್ತವೆ ನಿಜ, ಆದರೂ ನಾವು ಎಲ್ಲೆಲ್ಲಿ ಸುಮ್ಮನೆ ಒಪ್ಪಿಕೊಳ್ಳದೆ ಬದಲಿಸಿದೆವು ಎಂಬ ದಾಖಲೆ ಅದು.

ಗೂಗಲ್ ಕ್ರೋಮ್‌ನಲ್ಲಿ ಇಷ್ಟು ಸಲೀಸಿಲ್ಲ. ವಿಂಡೋಸ್‌ನಲ್ಲಿ ಅದು ಪಾಸ್‌ವರ್ಡಿನ ಗೂಢಲಿಪಿಯನ್ನು ಆ ಯಂತ್ರದ ಬಳಕೆದಾರ ಖಾತೆಗೇ ಕಟ್ಟಿಹಾಕುತ್ತದೆ. ಕದ್ದೊಯ್ದವನಿಗೆ ದಕ್ಕಬಾರದು ಎಂಬುದು ಉದ್ದೇಶ. ಒಡೆಯನೇ ಫೋಲ್ಡರನ್ನು ಬೇರೆ ಯಂತ್ರಕ್ಕೆ ಒಯ್ದರೂ ಆ ಪಾಸ್‌ವರ್ಡ್‌ಗಳು ದಕ್ಕುವುದಿಲ್ಲ.

ಹನ್ನೆರಡು ಅಕ್ಷರಗಳ ಗುಟ್ಟು

ಮನೆಯಲ್ಲೊಂದು, ಕಚೇರಿಯಲ್ಲೊಂದು, ಜೇಬಿನಲ್ಲೊಂದು ಎಂದಾದ ಮೇಲೆ ಗಂಟು ಹೊರುವುದು ಸಾಕಾಯಿತು. ಲೋಟಸ್ 1-2-3 ಖ್ಯಾತಿಯ ಮಿಚ್ ಕೇಪರ್ ಸ್ಥಾಪಿಸಿದ ಕಂಪನಿಯ ಫಾಕ್ಸ್‌ಮಾರ್ಕ್ಸ್ ಎಂಬ ಆಡ್‌ಆನ್ ಬುಕ್‌ಮಾರ್ಕ್‌ಗಳನ್ನು ಸರ್ವರ್ ಮೂಲಕ ಸಾಗಿಸತೊಡಗಿತು. ಮುಂದೆ ಎಕ್ಸ್‌ಮಾರ್ಕ್ಸ್ ಎಂದು ಹೆಸರಾದ ಆ ಸೇವೆ 2018ರ ಮೇ 1ರಂದು ಮುಚ್ಚಿತು. 2007ರ ಡಿಸೆಂಬರಿನಲ್ಲಿ ಮೊಝಿಲ್ಲಾ ತಾನೇ 'ವೀವ್' ಎಂಬ ಪ್ರಯೋಗ ಶುರುಮಾಡಿತು. 2011ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 4ರಲ್ಲಿ ಅದು ಸಿಂಕ್ ಎಂಬ ಹೆಸರಿನಲ್ಲಿ ಒಳಗೇ ಸೇರಿತು.

ಅದರ ಜಾಣ್ಮೆ ನೋಡಿ. ಹೊಸ ಯಂತ್ರ ಹನ್ನೆರಡು ಅಕ್ಷರಗಳನ್ನು ತೋರಿಸುತ್ತಿತ್ತು. ಹಳೆಯ ಯಂತ್ರದಲ್ಲಿ ಅವನ್ನು ಹೊಡೆದರೆ ಎರಡೂ ಜೋಡಿಯಾಗುತ್ತಿದ್ದವು. ಗೂಢಲಿಪಿಯ ಕೀಲಿ ಬಳಕೆದಾರರ ಯಂತ್ರಗಳಲ್ಲೇ ಉಳಿಯುತ್ತಿತ್ತು, ಸರ್ವರ್ ನಡೆಸುವವರಿಗೂ ಒಳಗೇನಿದೆ ಎಂದು ತಿಳಿಯುತ್ತಿರಲಿಲ್ಲ. ಎರಡು ಯಂತ್ರ ಎದುರುಬದುರು ಇದ್ದವರಿಗೆ ಸೊಗಸು. ಆದರೆ ಒಂದೇ ಕಂಪ್ಯೂಟರ್ ಇದ್ದವರೂ ಸಿಂಕ್ ಎಂದರೆ ಬ್ಯಾಕಪ್ ಎಂದುಕೊಂಡು ಹಾಕಿಕೊಂಡರು. ಆ ಕಂಪ್ಯೂಟರ್ ಕೆಟ್ಟಿತು, ಕೀಲಿಯೂ ಅದರೊಂದಿಗೇ ಹೋಯಿತು. ಸರ್ವರಿನಲ್ಲಿ ಎಲ್ಲ ಭದ್ರವಾಗಿದೆ, ತೆರೆಯುವವರಿಲ್ಲ.

ಆದ್ದರಿಂದ 2014ರ ಏಪ್ರಿಲ್‌ನ ಫೈರ್‌ಫಾಕ್ಸ್ 29ರಲ್ಲಿ ಇಮೇಲ್ ಮತ್ತು ಪಾಸ್‌ವರ್ಡಿನ ಪದ್ಧತಿ ಬಂತು. ಕೀಲಿ ಈಗ ಪಾಸ್‌ವರ್ಡಿಗೆ ಅಂಟಿಕೊಂಡಿದೆ. ಪಾಸ್‌ವರ್ಡ್ ಮರೆತು ಹೊಸದು ಮಾಡಿಕೊಂಡರೆ ಸರ್ವರಿನಲ್ಲಿದ್ದ ಪ್ರತಿಯನ್ನು ತೆರೆಯಲಾಗದು, ಯಾವುದಾದರೂ ಯಂತ್ರದಲ್ಲಿ ಅಸಲು ಉಳಿದಿದ್ದರಷ್ಟೇ ಮತ್ತೆ ತುಂಬೀತು. ಇದಕ್ಕೆ ಪರಿಹಾರವಾಗಿ 2018ರಲ್ಲಿ ಬಂದ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡವರು ಜಾಣರು.

ಗಂಟು ಬಂತು, ಬೇಳೆ ಬೇಯಲಿಲ್ಲ

ಎಲ್ಲ ಸಾಗಿಸಿದರೂ ಹೊಸ ಮನೆಯ ಒಲೆ ಒಪ್ಪಬೇಕಲ್ಲ. 2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್ 57 ಹಳೆಯ ಬಗೆಯ ಆಡ್‌ಆನ್‌ಗಳನ್ನು ಪೂರಾ ಕೈಬಿಟ್ಟಿತು. ಅವಕ್ಕೆ ಬ್ರೌಸರಿನ ಒಳಮನೆಯ ತನಕ ಪ್ರವೇಶವಿತ್ತು. ಅದರಿಂದಲೇ ಅವು ಶಕ್ತವಾಗಿದ್ದವು, ಬ್ರೌಸರಿನ ಗೋಡೆ ಅಲುಗಿಸಲು ಬಿಡದೆ ಅಡ್ಡವೂ ಆಗಿದ್ದವು. ಡೌನ್‌ದೆಮ್‌ಆಲ್‌ನಂಥವು ಹೊಸದಾಗಿ ಬರೆಸಿಕೊಂಡು ಮರಳಿದವು. ಎಲ್ಲ ಆಡ್‌ಆನ್‌ಗಳನ್ನು ಗಂಟು ಕಟ್ಟಿ ಬೇರೆ ಕಂಪ್ಯೂಟರಿಗೆ ಒಯ್ಯಲು ನೆರವಾಗುತ್ತಿದ್ದ ಫೆಬೆ ಎಂಬ ಆಡ್‌ಆನ್‌ಗೇ ಆ ಹೊಳೆ ದಾಟಲಾಗಲಿಲ್ಲ.

2019ರ ಮೇ 4ರಂದು ಇನ್ನೊಂದು ಪಾಠವಾಯಿತು. ಆಡ್‌ಆನ್‌ಗಳು ಅಸಲಿ ಎಂದು ದೃಢಪಡಿಸುವ ಮೊಝಿಲ್ಲಾದ ಪ್ರಮಾಣಪತ್ರವೊಂದರ ಅವಧಿ ಮುಗಿದು, ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಆಡ್‌ಆನ್‌ಗಳು ಒಮ್ಮೆಗೇ ನಿಂತವು. ಬಳಕೆದಾರರು ಏನನ್ನೂ ಮುಟ್ಟಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ನಮ್ಮದು ಎಂದುಕೊಂಡ ಹೊಂದಿಕೆಯ ಒಂದು ತುದಿ ಬೇರೆಯವರ ಕೈಯಲ್ಲಿದೆ ಎಂದು ಆ ದಿನ ಗೊತ್ತಾಯಿತು.

ಸಿಂಕ್ ಈಗಲೂ ಎಲ್ಲವನ್ನೂ ತರುವುದಿಲ್ಲ. ಆಡ್‌ಆನ್ ಬರುತ್ತದೆ. ಅದರೊಳಗೆ ನಾವು ಮಾಡಿಕೊಂಡ ಹೊಂದಿಕೆ ಬರುವುದು ಅದನ್ನು ಬರೆದವರು ಆ ಏರ್ಪಾಡು ಮಾಡಿದ್ದರೆ ಮಾತ್ರ, ಅದೂ ಒಂದೊಂದಕ್ಕೆ ಸುಮಾರು 100 ಕಿಲೋಬೈಟ್ ಮಿತಿಯೊಳಗೆ. ನಾವು ಸೇರಿಸಿದ ಪದಗಳ ಪಟ್ಟಿಯಂತೂ ಬರುವುದೇ ಇಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ, ಬಹಳ ಮನೆಗಳಲ್ಲಿ ಯಂತ್ರ ಬದಲಾಗುವ ಕಾಲ ಇದು. ಸಿಂಕ್ ಇರಲಿ, ಅದನ್ನೇ ನೆಚ್ಚಬೇಡಿ. ಹಳೆಯ ಕಂಪ್ಯೂಟರ್ ಇನ್ನೂ ಆನ್ ಆಗುತ್ತಿರುವಾಗಲೇ ಫೈರ್‌ಫಾಕ್ಸ್‌ನ ಸಹಾಯ ಮೆನುವಿನಲ್ಲಿರುವ ಟ್ರಬಲ್‌ಶೂಟಿಂಗ್ ಪುಟಕ್ಕೆ ಹೋಗಿ, ಪ್ರೊಫೈಲ್ ಫೋಲ್ಡರ್ ತೆರೆಯಿರಿ. ಬ್ರೌಸರ್ ಪೂರ್ತಿ ಮುಚ್ಚಿದ ಮೇಲೆ ಆ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಳ್ಳಿ. ಹೊಸ ಯಂತ್ರದ ಫೈರ್‌ಫಾಕ್ಸ್ ಹಳೆಯದಕ್ಕಿಂತ ಹಿಂದಿನ ಆವೃತ್ತಿಯಾಗಿರಬಾರದು. ಪ್ರೈಮರಿ ಪಾಸ್‌ವರ್ಡ್ ಹಾಕಿರದಿದ್ದರೆ ಆ ಪೆನ್‌ಡ್ರೈವ್ ಸಿಕ್ಕಿದವರಿಗೆ ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಸಿಕ್ಕಂತೆ, ಆದ್ದರಿಂದ ಮೊದಲು ಅದನ್ನು ಹಾಕಿ. ಇಷ್ಟಕ್ಕೆಲ್ಲ ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಗುಜರಿಯವನಿಗೆ ಫೋನು ಮಾಡುವುದು ಅದಾದ ಮೇಲಿರಲಿ.