ಊದಿದ ಕಾಲಿಗೆ ಆಪರೇಷನ್ ಉಂಟೇ?



ನನ್ನ ತಾಯಿಯ ತವರು ತಮಿಳುನಾಡಿನ ದಿಂಡಿಗಲ್ ಕಡೆ. ಅಲ್ಲಿಂದ ತೇನಿ, ಕಂಬಂ ಕಣಿವೆಯವರೆಗೆ ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ತಮಿಳು ಓದುವ ಕುಟುಂಬಗಳು ತಲೆಮಾರುಗಳಿಂದ ಇವೆ. ಕಳೆದ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ಎಲ್ಲರೂ ಅಂಗಳದಲ್ಲಿ ಕೂತಿದ್ದರೆ ದೊಡ್ಡಮ್ಮ ಮಾತ್ರ ಪಾದ ಮುಚ್ಚುವ ಹಾಗೆ ಸೀರೆ ಎಳೆದುಕೊಂಡು ಒಳಗೇ ಇದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನನ್ನು ಕರೆದು ಬಲಗಾಲು ತೋರಿಸಿದರು. ಮೊಣಕಾಲಿನ ಕೆಳಗೆ ಅದು ಎಡಗಾಲಿನ ಎರಡರಷ್ಟು ದಪ್ಪವಿತ್ತು.

"ಒಂದೇ ಆಪರೇಷನ್ನಿಗೆ ಸರಿಹೋಗುತ್ತೆ ಅಂತ ಯಾರೋ ಹೇಳಿದ್ರು. ಬಳೆ ಮಾರಿದ್ರೆ ದುಡ್ಡಾಗುತ್ತೆ. ನೀನು ಸೈನ್ಸ್ ಓದಿದವನಲ್ವಾ, ಹೇಳು, ಕಾಲು ಮೊದಲಿನ ಹಾಗೆ ಆಗುತ್ತಾ?"

ನನಗೆ ತಕ್ಷಣ ಉತ್ತರ ಗೊತ್ತಿರಲಿಲ್ಲ. ಊರಿಗೆ ಬಂದು ಓದಿದೆ, ವೈದ್ಯರನ್ನು ಕೇಳಿದೆ. ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ. ಇಂಥ ಕಾಲು ನಿಮ್ಮ ಬೀದಿಯಲ್ಲೂ ಒಂದು ಇರಬಹುದು.

ಸದ್ದಿಲ್ಲದ ಚರಂಡಿ ವ್ಯವಸ್ಥೆ

ಹೃದಯ ತಳ್ಳಿದ ರಕ್ತ ಲೋಮನಾಳಗಳಲ್ಲಿ ಹರಿಯುವಾಗ ಸ್ವಲ್ಪ ದ್ರವ ಹೊರಗೆ ಸೋರಿ ಜೀವಕೋಶಗಳ ನಡುವೆ ಸೇರುತ್ತದೆ. ಅದರಲ್ಲಿ ದಿನಕ್ಕೆ ಸುಮಾರು 3 ಲೀಟರ್ ನೇರವಾಗಿ ರಕ್ತಕ್ಕೆ ಮರಳುವುದಿಲ್ಲ. ಅದನ್ನು ಹೀರಿಕೊಂಡು, ಕತ್ತಿನ ಬುಡದಲ್ಲಿರುವ ದೊಡ್ಡ ಅಭಿಧಮನಿಗಳಿಗೆ ತಲುಪಿಸುವ ನಾಳಗಳೇ ದುಗ್ಧನಾಳಗಳು. ಒಳಗೆ ಹರಿಯುವುದು ದುಗ್ಧರಸ. ದಾರಿಯಲ್ಲಿ ಕಂಕುಳು, ತೊಡೆಸಂದು, ಕತ್ತುಗಳಲ್ಲಿ ದುಗ್ಧಗ್ರಂಥಿಗಳಿವೆ. ಅವು ರೋಗಾಣುಗಳನ್ನು ತಡೆಯುವ ಚೆಕ್‌ಪೋಸ್ಟ್‌ಗಳು.

ಈ ವ್ಯವಸ್ಥೆಗೆ ಹೃದಯದಂಥ ಪಂಪು ಇಲ್ಲ. ನಾಳಗಳು ತಾವೇ ಸಂಕುಚಿಸುತ್ತವೆ, ನಾವು ನಡೆದಾಗ ಸ್ನಾಯುಗಳು ಅವನ್ನು ಹಿಂಡುತ್ತವೆ, ಉಸಿರಾಟವೂ ಸಹಾಯ ಮಾಡುತ್ತದೆ. ಒಳಗಿನ ಕವಾಟಗಳು ರಸ ಹಿಂದಕ್ಕೆ ಬರದಂತೆ ತಡೆಯುತ್ತವೆ.

ಈ ದಾರಿ ಕಟ್ಟಿಕೊಂಡರೆ ದ್ರವ ಅಲ್ಲೇ ನಿಲ್ಲುತ್ತದೆ. ಇದೇ ಲಿಂಫೆಡೀಮಾ. ಶುರುವಿನಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಕಾಲು ಎತ್ತಿಟ್ಟು ಮಲಗಿದರೆ ಬೆಳಿಗ್ಗೆ ಊತ ಇಳಿದಿರುತ್ತದೆ. ವರ್ಷಗಳು ಕಳೆದಂತೆ ನಿಂತ ದ್ರವದ ಜಾಗದಲ್ಲಿ ಕೊಬ್ಬು ಮತ್ತು ನಾರಿನಂಥ ಅಂಗಾಂಶ ಬೆಳೆದು ಕಾಲು ಗಟ್ಟಿಯಾಗುತ್ತದೆ. ಆಮೇಲೆ ಎತ್ತಿಟ್ಟರೂ ಇಳಿಯುವುದಿಲ್ಲ. ಈ ವ್ಯತ್ಯಾಸ ನೆನಪಿರಲಿ, ಆಪರೇಷನ್ ವಿಷಯ ಬಂದಾಗ ಬೇಕಾಗುತ್ತದೆ.

ಕಟ್ಟಿಕೊಳ್ಳುವುದು ಯಾಕೆ?

ಕೆಲವರಿಗೆ ಹುಟ್ಟಿನಿಂದಲೇ ದುಗ್ಧನಾಳಗಳು ಸರಿಯಾಗಿ ಬೆಳೆದಿರುವುದಿಲ್ಲ. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಕೆಲವರ ಕೈ ಊದುತ್ತದೆ. ನಮ್ಮ ದೇಶದಲ್ಲಿ ದೊಡ್ಡ ಕಾರಣ ಫೈಲೇರಿಯಾ, ಅಂದರೆ ಆನೆಕಾಲು ರೋಗ. ದೊಡ್ಡಪ್ಪ ಅಕ್ಕಿ ಗಿರಣಿಯ ಕೆಲಸಕ್ಕೆಂದು ಕುಂಭಕೋಣಂನಲ್ಲಿ ಬಹಳ ವರ್ಷ ಇದ್ದರು. ಕಾವೇರಿ ಬಯಲಿನ ಆ ಕಡೆ ಫೈಲೇರಿಯಾ ಹಿಂದಿನಿಂದಲೂ ಇತ್ತು. ದೊಡ್ಡಮ್ಮನಿಗೆ ರೋಗ ಅಂಟಿದ್ದು ಅಲ್ಲೇ ಇರಬೇಕು ಅಂತ ವೈದ್ಯರ ಅಭಿಪ್ರಾಯ.

ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚಿದಾಗ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ಹುಳುವಿನ ಮರಿಗಳು ದೇಹ ಸೇರುತ್ತವೆ. ಬೆಳೆದ ಹುಳುಗಳು ದಾರದ ಎಳೆಯ ಹಾಗೆ ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕಿ, ನಾಳಗಳನ್ನು ಹಿಗ್ಗಿಸಿ, ಕವಾಟಗಳನ್ನು ಕೆಡಿಸುತ್ತವೆ. ಸೊಳ್ಳೆಯೇ ಇದರ ವಾಹಕ ಎಂಬ ಸುಳಿವನ್ನು 1877ರಲ್ಲಿ ಚೀನಾದಲ್ಲಿ ಕಂಡುಹಿಡಿದವರು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯರು. ಶಾಪ, ಪಾಪ ಯಾವುದೂ ಇದಕ್ಕೆ ಕಾರಣವಲ್ಲ. ಊದಿದ ಕಾಲನ್ನು ಮುಟ್ಟಿದರೆ ರೋಗ ಅಂಟುವುದೂ ಇಲ್ಲ.

ಆಪರೇಷನ್‌ಗಳು ಯಾವುವು?

ಇವುಗಳಲ್ಲಿ ಎರಡು ಜಾತಿ. ಒಂದು, ಹರಿಯುವ ದಾರಿಯನ್ನು ಸರಿಮಾಡುವುದು. ಇನ್ನೊಂದು, ಬೆಳೆದದ್ದನ್ನು ತೆಗೆದುಹಾಕುವುದು.

ದಾರಿ ಸರಿಮಾಡುವ ಮೊದಲ ವಿಧಾನದಲ್ಲಿ ದುಗ್ಧನಾಳವನ್ನು ಪಕ್ಕದ ಸಣ್ಣ ಅಭಿಧಮನಿಗೆ ಹೊಲಿಯುತ್ತಾರೆ. ಕಟ್ಟಿದ ಚರಂಡಿಯ ನೀರನ್ನು ಪಕ್ಕದ ಕಾಲುವೆಗೆ ತಿರುಗಿಸಿದ ಹಾಗೆ. ಈ ನಾಳಗಳ ಅಗಲ ಹಲವು ಸಲ 1 ಮಿಲಿಮೀಟರ್‌ಗಿಂತ ಕಡಿಮೆ. ಅದಕ್ಕೇ ಮೈಕ್ರೋಸ್ಕೋಪಿನಡಿ, ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬೇಕು. ನಾಳ ಎಲ್ಲಿದೆ ಎಂದು ತಿಳಿಯಲು ಇಂಡೋಸಯನಿನ್ ಗ್ರೀನ್ ಎಂಬ ಬಣ್ಣವನ್ನು ಚರ್ಮದಡಿ ಚುಚ್ಚಿ, ವಿಶೇಷ ಕ್ಯಾಮೆರಾದಲ್ಲಿ ಅದು ಹೊಳೆಯುವುದನ್ನು ನೋಡುತ್ತಾರೆ.

ಫೈಲೇರಿಯಾದಲ್ಲಿ ದುಗ್ಧಗ್ರಂಥಿಗಳು ಹಿಗ್ಗಿರುವುದರಿಂದ ಗ್ರಂಥಿಯನ್ನೇ ಅಭಿಧಮನಿಗೆ ಜೋಡಿಸುವ ದಾರಿಯೂ ಇದೆ. ಕುಂಭಕೋಣಂಗೆ ಹತ್ತಿರದ ತಂಜಾವೂರಿನಲ್ಲಿ ಡಾ. ಎಸ್. ಜಮಾಲ್ ಇಂಥ ಜೋಡಣೆಗಳನ್ನು ಮಾಡಿ 1981ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ರೋಗ ಹೆಚ್ಚಿದ್ದ ಜಾಗದಲ್ಲೇ ಅದಕ್ಕೆ ಉಪಾಯ ಹುಡುಕಿದ್ದು ನನಗೆ ಬಹಳ ಹಿಡಿಸಿತು.

ಮತ್ತೊಂದು ವಿಧಾನದಲ್ಲಿ ದೇಹದ ಬೇರೆ ಭಾಗದಿಂದ ದುಗ್ಧಗ್ರಂಥಿಯನ್ನು ಅದರ ರಕ್ತನಾಳಗಳ ಸಮೇತ ತೆಗೆದು ಊದಿದ ಭಾಗಕ್ಕೆ ಕಸಿ ಮಾಡುತ್ತಾರೆ. ಎಚ್ಚರ ತಪ್ಪಿದರೆ ಗ್ರಂಥಿ ತೆಗೆದ ಜಾಗದಲ್ಲೇ ಹೊಸ ಊತ ಬರಬಹುದು.

ಈ ದಾರಿ ಸರಿಮಾಡುವ ಚಿಕಿತ್ಸೆಗಳು ಹೆಚ್ಚು ಫಲ ಕೊಡುವುದು ಊತ ಇನ್ನೂ ದ್ರವರೂಪದಲ್ಲಿ ಇರುವಾಗ. ಕೊಬ್ಬು ತುಂಬಿದ ಮೇಲೆ ದಾರಿ ತೆರೆದರೂ ಕೊಬ್ಬು ಹರಿದುಹೋಗುವುದಿಲ್ಲ. ಆಗ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಇದೆ. ಸ್ವೀಡನ್ನಿನ ಹೊಕಾನ್ ಬ್ರೂರ್ಸನ್ ಇದನ್ನು ಲಿಂಫೆಡೀಮಾಕ್ಕೆ ಅಳವಡಿಸಿ ಬೆಳೆಸಿದವರು. ಆದರೆ ಆಮೇಲೆ ಜೀವನಪೂರ್ತಿ ಬಿಗಿ ಕಾಲುಚೀಲ ಹಾಕಲೇಬೇಕು, ಬಿಟ್ಟರೆ ಊತ ಮರಳುತ್ತದೆ. ಕಾಲು ತುಂಬಾ ದಪ್ಪವಾಗಿ ಗಂಟುಗಟ್ಟಿದ್ದರೆ ಕೆಟ್ಟ ಚರ್ಮ, ಅಂಗಾಂಶ ಕತ್ತರಿಸಿ ಬೇರೆ ಕಡೆಯ ಚರ್ಮ ಹೊದಿಸುವ ಹಳೆಯ ವಿಧಾನವೂ ಉಂಟು. ಗಾಯ ದೊಡ್ಡದು, ಮಾಯಲು ಬಹಳ ದಿನ ಬೇಕು.

ಬಕೆಟ್ ನೀರು, ಸಾಬೂನು, ಬಟ್ಟೆ

ದೊಡ್ಡಮ್ಮನಿಗೆ ವರ್ಷಕ್ಕೆ ಮೂರ್ನಾಲ್ಕು ಸಲ ಚಳಿಜ್ವರ ಬಂದು ಕಾಲು ಕೆಂಪಾಗಿ ಉರಿಯುತ್ತಿತ್ತು. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುವುದೇ ಇದಕ್ಕೆ ಕಾರಣ. ಇಂಥ ಪ್ರತಿ ಜ್ವರವೂ ಉಳಿದ ನಾಳಗಳನ್ನು ಇನ್ನಷ್ಟು ಕೆಡಿಸುತ್ತದೆ. ಇದನ್ನು ತಡೆಯದೆ ಆಪರೇಷನ್ ಮಾಡಿದರೆ ಪ್ರಯೋಜನ ಉಳಿಯುವುದಿಲ್ಲ.

ಹಾಗಾಗಿ ಮೊದಲ ಚಿಕಿತ್ಸೆ ಮನೆಯಲ್ಲೇ. ದಿನವೂ ಸಾಬೂನು ಹಚ್ಚಿ ತೊಳೆಯಬೇಕು, ಬೆರಳ ಸಂದಿ ಒದ್ದೆಯಿಲ್ಲದಂತೆ ಒರೆಸಬೇಕು, ಬಿರುಕಿಗೆ ಮುಲಾಮು ಹಚ್ಚಬೇಕು, ಚಪ್ಪಲಿ ಹಾಕಬೇಕು, ಕೂತಾಗ ಕಾಲು ಎತ್ತಿಡಬೇಕು, ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ಹೇಳಿಕೊಟ್ಟ ಕ್ರಮದಲ್ಲಿ ಬ್ಯಾಂಡೇಜ್ ಸುತ್ತಬೇಕು. ನಮ್ಮ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು ಇಂಥ ಆರೈಕೆಗೆ ಆಯುರ್ವೇದ, ಯೋಗಗಳನ್ನೂ ಸೇರಿಸಿ ಕಲಬುರಗಿ, ಆಲಪ್ಪುಳ ಜಿಲ್ಲೆಗಳ ರೋಗಿಗಳಿಗೂ ಕಲಿಸಿದ್ದಾರೆ.

ದೊಡ್ಡಮ್ಮನಿಗೆ ಕೊಟ್ಟ ಉತ್ತರ

ಫೋನ್ ಮಾಡಿ ಹೇಳಿದೆ: "ದೊಡ್ಡಮ್ಮ, ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ಯಾರು ಹೇಳಿದ್ರೂ ನಂಬಬೇಡಿ. ಈಗಿಗಿಂತ ಸುಧಾರಿಸೋದು ಖಂಡಿತ ಸಾಧ್ಯ. ಬಳೆ ಸದ್ಯಕ್ಕೆ ಕೈಯಲ್ಲೇ ಇರಲಿ." ಆರು ತಿಂಗಳು ಬ್ಯಾಂಡೇಜ್, ಸ್ವಚ್ಛತೆ ಪಾಲಿಸಿ, ಆಮೇಲೆ ಪರೀಕ್ಷಿಸಿ ಯಾವ ಶಸ್ತ್ರಚಿಕಿತ್ಸೆ ಹೊಂದುತ್ತದೆ ಎಂದು ನೋಡೋಣ ಅಂತ ಅಲ್ಲಿಯ ವೈದ್ಯರೂ ಹೇಳಿದರು.

ಎಂಟನೇ ತರಗತಿಯ ಮೊಮ್ಮಗಳು ಈಗ ಪ್ರತಿ ಭಾನುವಾರ ಟೇಪಿನಿಂದ ಕಾಲು ಅಳೆಯುತ್ತಾಳೆ. ಹಿಮ್ಮಡಿಯಿಂದ 10, 20, 30 ಸೆಂಟಿಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದು ನೋಟ್‌ಬುಕ್‌ನಲ್ಲಿ ಬರೆಯುತ್ತಾಳೆ. ಮೂರು ತಿಂಗಳಲ್ಲಿ 20ರ ಗುರುತಿನಲ್ಲಿ 4 ಸೆಂಟಿಮೀಟರ್ ಇಳಿದಿದೆ. ಈ ನಡುವೆ ಜ್ವರ ಒಮ್ಮೆಯೂ ಬಂದಿಲ್ಲ.

ನೀವು ಮಾಡಬಹುದಾದದ್ದು

ಕಲಬುರಗಿ, ಯಾದಗಿರಿಯಂಥ ಜಿಲ್ಲೆಗಳಲ್ಲಿ ಫೈಲೇರಿಯಾ ಮಾತ್ರೆ ಹಂಚಲು ಬಂದಾಗ "ನನಗೇನೂ ಆಗಿಲ್ಲವಲ್ಲ, ಯಾಕೆ?" ಎನ್ನುವವರಿದ್ದಾರೆ. ಲಕ್ಷಣವೇ ಇಲ್ಲದವರ ರಕ್ತದಲ್ಲೂ ಹುಳುವಿನ ಮರಿಗಳು ಇರುತ್ತವೆ. ಸೊಳ್ಳೆ ಅದನ್ನು ಇನ್ನೊಬ್ಬರಿಗೆ ಒಯ್ಯುತ್ತದೆ. ಅದಕ್ಕೇ ಆರೋಗ್ಯವಂತರೂ ನುಂಗಬೇಕು. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರಿಗೆ ಮಾತ್ರ ಕೊಡುವುದಿಲ್ಲ. ಮನೆಯ ಹತ್ತಿರ ಕೊಳಚೆ ನೀರು ನಿಲ್ಲಲು ಬಿಡಬೇಡಿ.

ಮನೆಯಲ್ಲಿ ಯಾರದಾದರೂ ಒಂದೇ ಕಾಲು ಊದುತ್ತಿದ್ದರೆ, ಹೆಬ್ಬೆರಳಿಗೆ ಇನ್ನೂ ಗುಳಿ ಬೀಳುತ್ತಿರುವಾಗಲೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ದೊಡ್ಡಮ್ಮ ನಾಚಿಕೆಯಿಂದ ಹನ್ನೆರಡು ವರ್ಷ ಸೀರೆಯಡಿ ಮುಚ್ಚಿಟ್ಟರು. ಆ ಹನ್ನೆರಡು ವರ್ಷವನ್ನು ಯಾವ ಆಪರೇಷನ್ನೂ ವಾಪಸ್ ಕೊಡುವುದಿಲ್ಲ.