‘ಪರಿವರ್ತನ ಚಿಕಿತ್ಸೆ’: ವೈದ್ಯರಿಗಿರುವ ನಿಯಮ, ಸಭಾಪಾಲಕರ ಹೊಣೆ

ವ್ಯಕ್ತಿಯ ಸಲಿಂಗ ಆಕರ್ಷಣೆಯನ್ನಾಗಲಿ ಲಿಂಗ ಗುರುತನ್ನಾಗಲಿ ಔಷಧ, ಸಮಾಲೋಚನೆ ಅಥವಾ ಒತ್ತಾಯದ ಪ್ರಾರ್ಥನೆಯಿಂದ ಬದಲಿಸುವ ಪ್ರಯತ್ನವನ್ನು ‘ಪರಿವರ್ತನ ಚಿಕಿತ್ಸೆ’ ಎನ್ನುತ್ತಾರೆ. ಮಕ್ಕಳ ವಿಷಯ ತಿಳಿದು ಕಂಗೆಟ್ಟ ಹೆತ್ತವರು ಸಭಾಪಾಲಕರ ನೆರವನ್ನೂ ಬೇಡುವುದುಂಟು. ಆದಕಾರಣ ಪಾಲಕರು ಈ ಕುರಿತ ನಿಯಮಗಳನ್ನು ಅರಿತಿರಬೇಕು.

ಸಮುದಾಯದ ನೈತಿಕ ಮೌಲ್ಯಗಳಿಗೆ ಅಥವಾ ಧಾರ್ಮಿಕ ನಂಬಿಕೆಗಳಿಗೆ ಹೊಂದಿಕೊಳ್ಳದವನನ್ನು ಆ ಕಾರಣಕ್ಕಾಗಿ ಮನೋರೋಗಿಯೆಂದು ನಿರ್ಣಯಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೆಯ ಸೆಕ್ಷನ್ ವಿಧಿಸುತ್ತದೆ. ಮದ್ರಾಸ್ ಉಚ್ಚ ನ್ಯಾಯಾಲಯವು 2021ರ ಜೂನ್ 7ರಂದು, ಇಂಥ ಚಿಕಿತ್ಸೆ ನಡೆಸುವ ವೃತ್ತಿನಿರತರ ಪರವಾನಗಿ ಹಿಂಪಡೆಯುವುದೂ ಸೇರಿದಂತೆ ಕ್ರಮ ಜರುಗಿಸಲು ಸೂಚಿಸಿತು. 2022ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇದನ್ನು ವೃತ್ತಿ ದುರ್ನಡತೆಯೆಂದು ಸಾರಿ, ಶಿಸ್ತುಕ್ರಮದ ಅಧಿಕಾರವನ್ನು ರಾಜ್ಯ ವೈದ್ಯಕೀಯ ಪರಿಷತ್ತುಗಳಿಗೆ ಒಪ್ಪಿಸಿತು. ನಮ್ಮ ರಾಜ್ಯದಲ್ಲಿ ಆ ಹೊಣೆ ಕರ್ನಾಟಕ ವೈದ್ಯಕೀಯ ಪರಿಷತ್ತಿನದು.

ಆದರೆ ಪರಿಷತ್ತಿನ ಶಿಸ್ತು ನೋಂದಾಯಿತ ವೈದ್ಯರಿಗೆ ಮಾತ್ರ ಅನ್ವಯಿಸುತ್ತದೆ. ಕೂಡಿಹಾಕಿದರೆ, ಹೊಡೆದರೆ ದಂಡಕಾನೂನು ಯಾರನ್ನೂ ಬಿಡದು. ಅದರಾಚೆಗೆ ಪಾಲಕನಿಂದ ಹಿಂಪಡೆಯಲು ಪರವಾನಗಿಯೇ ಇಲ್ಲ. ಇದನ್ನು ಸ್ವಾತಂತ್ರ್ಯವೆಂದು ಎಣಿಸದೆ ಹೆಚ್ಚಿನ ಹೊಣೆಯೆಂದು ತಿಳಿಯತಕ್ಕದ್ದು. ಲೈಂಗಿಕ ನೀತಿಯ ಕುರಿತು ಸಭೆಗಳ ಬೋಧನೆ ಭಿನ್ನವಾಗಿರಬಹುದು. ಆದರೂ ವೈದ್ಯನಿಗೆ ನಿಷಿದ್ಧವಾದ ಚಿಕಿತ್ಸೆಯನ್ನು ದೇವರ ಹೆಸರಿನಲ್ಲಿ ವಾಗ್ದಾನಮಾಡುವುದು ಯಾವ ಬೋಧನೆಗೂ ಅಗತ್ಯವಲ್ಲ.

ಕರ್ತನು ಬಾರ್ತಿಮಾಯನನ್ನು ಸ್ವಸ್ಥಪಡಿಸುವ ಮುನ್ನ ಅವನ ಅಪೇಕ್ಷೆಯೇನೆಂದು ವಿಚಾರಿಸಿದನು. ಹೆತ್ತವರು ಕರೆತಂದ ಯುವಕನನ್ನೂ ಯುವತಿಯನ್ನೂ ಪಾಲಕನು ಮೊದಲು ಹಾಗೆಯೇ ವಿಚಾರಿಸಲಿ, ಕೇಳಿದ್ದನ್ನು ಗೋಪ್ಯವಾಗಿಡಲಿ, ಅವರು ಮನೋವ್ಯಥೆಯಿಂದ ಬಳಲುತ್ತಿದ್ದರೆ, ಬದಲಾವಣೆಗಾಗಿ ಅಲ್ಲ, ಆ ವ್ಯಥೆಯ ಶಮನಕ್ಕಾಗಿ ಮನೋವೈದ್ಯರ ಬಳಿಗೆ ಕಳುಹಿಸಲಿ.